ಅಪ್ಪ ಇರುವವರೆಗೆ

“ಇನ್ನು ವರ್ಷಕ್ಕೊಂದು ಸಲ ಬಂದು ತೋರಿಸ್ಕೊಂಡು ಹೋದ್ರೆ ಸಾಕು” ಎಂದು ಡಾಕ್ಟರು ಹೇಳಿದಾಗ ಅವನ ಕಣ್ಣು ಅವರ ಬಾಯಿಯ ಮೇಲಿತ್ತು. ಮುಂದಿನ ಎಡ ಹಲ್ಲು ಪಕ್ಕದ್ದಕ್ಕಿಂತ ಬಿಳಿ. ಬಣ್ಣ ಹೊಂದಿಸುವ ತಾಳ್ಮೆಯಿಲ್ಲದೆ ಯಾರೋ ಕೂರಿಸಿ ಕೈತೊಳೆದುಕೊಂಡಿದ್ದಾರೆ. ಹಲ್ಲಿನ ಆಸ್ಪತ್ರೆಯೊಂದರ ಹಿಂದಿನ ಕೋಣೆಯಲ್ಲಿ ಕೂತು ಜೀವಮಾನವೆಲ್ಲ ಬೇರೆಯವರ ಬಾಯಿಗೆ ಹಲ್ಲು ಮಾಡಿಕೊಟ್ಟವನು ಅವನು. ಎದುರಿಗಿದ್ದವರ ಹಲ್ಲು ಮೊದಲು ಕಣ್ಣಿಗೆ ಬಿದ್ದು, ಅವರಾಡಿದ ಮಾತು ಆಮೇಲೆ ಕಿವಿಗೆ ಬೀಳುವುದು ಅವನ ಹಳೆಯ ಚಾಳಿ. ಮಾತು ಕಿವಿಗೆ ಬಿದ್ದಾಗ ಡಾಕ್ಟರು ಆಗಲೇ ನಗುತ್ತಿದ್ದರು. ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು, ಗಂಟು ಇದ್ದ ಜಾಗದ ಮೇಲೆ ಪೆನ್ನಿನ ತುದಿ ಆಡಿಸಿ, “ನೋಡಿ, ಇಲ್ಲ. ಇಷ್ಟು ಚೆನ್ನಾಗಿ ಕರಗತ್ತೆ ಅಂತ ನಾವೂ ಅಂದ್ಕೊಂಡಿರಲಿಲ್ಲ” ಎಂದರು. “ಖಂಡಿತವಾ ಡಾಕ್ಟ್ರೇ?” ಎಂದ ಅವನು. “ಕೆಟ್ಟ ಸುದ್ದಿ ಕೇಳಿದೋರು ಹಾಗೆ ಕೇಳ್ತಾರೆ” ಎಂದು ಅವರು ಇನ್ನೂ ಜೋರಾಗಿ ನಕ್ಕರು. ಅವನೂ ಹಲ್ಲು ಕಿರಿಯಬೇಕಾಯಿತು. ಹೊರಗೆ ಬಂದಾಗ ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ಪಾಸೋ ಫೇಲೋ ಎಂದು ತಿಳಿಯಲು ಅವನ ಮುಖ ನೋಡಿದರು. ನೋಡಿದ ಒಬ್ಬ ಮುದುಕಿ “ಅಯ್ಯೋ ಪಾಪ” ಎಂದಳು.

ರಸ್ತೆಗೆ ಬಂದ ಮೇಲೂ ಖುಷಿ ಬರಲಿಲ್ಲ. ಸ್ವಲ್ಪ ತಡವಾಗಿ ಬರಬಹುದು ಎಂದು ಔಷಧಿ ಅಂಗಡಿಯ ನೆರಳಲ್ಲಿ ನಿಂತು ಕಾದ. ಬಂದದ್ದು ನಾಚಿಕೆ. ಎಲ್ಲರಿಗೂ ಹೇಳಿ, ಕೈಬೀಸಿ, ಕಣ್ಣೊರೆಸಿಕೊಂಡು ಹೊರಟವನು ಬಸ್ಸು ತಪ್ಪಿ ಅದೇ ಪೆಟ್ಟಿಗೆ ಹಿಡಿದು ಮನೆಗೆ ವಾಪಸಾದಾಗ ಬಾಗಿಲು ತೆಗೆದವರ ಮುಖ ಹೇಗಿರುತ್ತದೆ? ಅಷ್ಟರಲ್ಲಿ ಅವರು ಅವನ ತಟ್ಟೆ ತೊಳೆದು ಒಳಗಿಟ್ಟಿರುತ್ತಾರೆ. ಅವನ ದಪ್ಪ ಕೋಟು ಈಗ ಭಾವಮೈದನ ಮೈಮೇಲಿದೆ. ಕೈಗಡಿಯಾರ ಅಳಿಯನ ಕೈಯಲ್ಲಿದೆ. ಮಗಳ ಮದುವೆಯ ದಿನ ತಾನೇ ಬಿಚ್ಚಿ ಕಟ್ಟಿದ್ದ, ಎಲ್ಲರೂ ಅತ್ತಿದ್ದರು. ಕೆಮ್ಮು ಹೆಚ್ಚಾಗಿದ್ದಾಗ ಅವನ ಮಂಚ ಮುಂದಿನ ಸಣ್ಣ ಕೋಣೆಗೆ ಹೋಗಿತ್ತು, ಹೆಂಡತಿ ಈಗ ಒಳಗಿನ ಹಾಸಿಗೆಯ ನಡುಮಧ್ಯೆ ಮಲಗುತ್ತಾಳೆ. ನೀರಿನ ತಿರುಪು ಎಲ್ಲಿದೆ, ಫ್ಯೂಸ್ ಹೋದರೆ ಏನು ಮಾಡಬೇಕು, ಎಲ್ಲವನ್ನೂ ಅವಳಿಗೆ ಹೇಳಿಕೊಟ್ಟಾಗಿದೆ. ಅವಳು ಚೆನ್ನಾಗಿಯೇ ಕಲಿತಿದ್ದಾಳೆ. ಮೊನ್ನೆ ದೀಪ ಹೋದಾಗ ಅವನು ಕುರ್ಚಿಯಿಂದ ಏಳುವಷ್ಟರಲ್ಲಿ ಅವಳೇ ಫ್ಯೂಸ್ ಹಾಕಿ, “ಕೂತ್ಕೊಳ್ಳಿ ನೀವು” ಎಂದಿದ್ದಳು. ಕೂತಿದ್ದ. ಜೇಬಿನಲ್ಲಿ ಫೋನು ಬಡಿದುಕೊಂಡಿತು, ಅವಳೇ. “ಏನಂದ್ರು?” “ಇನ್ನೂ ಕರೆದಿಲ್ಲ.” ಸುಳ್ಳು ನಾಲಿಗೆಯ ತುದಿಯಲ್ಲೇ ಕೂತಿತ್ತೋ ಏನೋ, ಸಲೀಸಾಗಿ ಬಂತು. “ಏನಿರತ್ತೆ, ಮಾಮೂಲಿ ತಾನೆ. ಬೇಗ ಬಂದ್ಬಿಡಿ ರೀ, ಸಾಯಂಕಾಲ ಅವರೆಲ್ಲ ಬರ್ತಾರೆ. ಬರ್ತಾ ಮೇಣದಬತ್ತಿ ತನ್ನಿ. ಒಂದೇ ಸಾಕು, ಮೊದಲನೇ ವರ್ಷ ಅಲ್ವಾ.”

ಮೊದಲನೇ ವರ್ಷ. ಮಗಳ ಮದುವೆಯಾಗಿ ಇನ್ನೂ ಮೂರು ತಿಂಗಳು ತುಂಬಿಲ್ಲ. ಇವತ್ತು ಸಾಯಂಕಾಲ ಅವಳ ಮೊದಲನೇ ವರ್ಷದ ಮದುವೆ ವಾರ್ಷಿಕೋತ್ಸವ. ಬೇರೆಯವರು ಕೇಳಿದರೆ ಇವರಿಗೆಲ್ಲೋ ತಲೆ ಕೆಟ್ಟಿದೆ ಎನ್ನುತ್ತಾರೆ. ಮನೆಯವರಿಗೆ ರೂಢಿಯಾಗಿಬಿಟ್ಟಿತ್ತು. ಶುರುಮಾಡಿದವನು ಹೆಂಡತಿಯ ತಮ್ಮ. ಸಮಾರಂಭಗಳಿಗೆ ಕುರ್ಚಿ ಪಾತ್ರೆ ಬಾಡಿಗೆಗೆ ಕೊಡುವವನು, ಒಂದು ಕಡೆ ನಿಂತು ಗೊತ್ತಿಲ್ಲದವನು, ಮನೆಯಲ್ಲಿ ಅವನ ಹೆಸರೇ ಗಡಿಬಿಡಿ. ಗಂಟು ಪತ್ತೆಯಾಗಿ, ಮುಂದಿನ ವರ್ಷ ಈ ಹೊತ್ತಿಗೆ ಏನೂ ಹೇಳಲಾರೆವು ಎಂದು ಆಸ್ಪತ್ರೆಯವರು ಅಂದ ವಾರವೇ ಅವನು ಬಂದು, “ಅಕ್ಕಾ, ಅಳೋದು ಆಮೇಲೆ ಇದ್ದೇ ಇದೆ. ಮುಂದಿನ ವರ್ಷದ್ದೆಲ್ಲ ಈಗಲೇ ಮಾಡಿಬಿಡೋಣ, ಭಾವ ಎಲ್ಲಾನೂ ನೋಡಿಬಿಡ್ಲಿ” ಎಂದಿದ್ದ. “ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರಂತೆ” ಎಂದು ಹೆಂಡತಿ ರೇಗಿದಳು, ರೇಗುತ್ತ ಫಕ್ಕನೆ ನಕ್ಕಳು. ಎಷ್ಟೋ ದಿನದ ಮೇಲೆ ಅವಳು ನಕ್ಕದ್ದು. ಆ ನಗುವಿಗಾಗಿಯೇ ಎಲ್ಲ ನಡೆದುಹೋಯಿತು. ಅವನ ಅರವತ್ತನೇ ಹುಟ್ಟುಹಬ್ಬ ಐವತ್ತೊಂಬತ್ತು ತುಂಬುವ ಮುಂಚೆಯೇ ಆಯಿತು. ಪಕ್ಕದ ಮನೆಯವರು ಬಾಯಿತಪ್ಪಿ “ನೂರು ವರ್ಷ ಬಾಳಿ” ಎಂದುಬಿಟ್ಟಾಗ ಎಲ್ಲರೂ ತಟ್ಟೆ ನೋಡಿಕೊಂಡರು. ಹೆಂಡತಿಯ ಹುಟ್ಟುಹಬ್ಬವೂ ಆಯಿತು. ಕೆಲವು ವಾರದ ಮೇಲೆ ಅವಳು ನಿಜವಾಗಿ ಹುಟ್ಟಿದ ದಿನ ಬಂದಾಗ ಅವಳು ಬೆಳಿಗ್ಗೆಯೇ ಹೊಸ ಬಟ್ಟೆ ಉಟ್ಟು ಎರಡು ಸಲ ಅವನ ಮುಂದೆ ಹಾದುಹೋದಳು. ಅವನಿಗೆ ನೆನಪಿತ್ತು. ಆದರೆ ಆಗಿಹೋದದ್ದಕ್ಕೆ ಮತ್ತೆ ಹೇಗೆ ಶುಭಾಶಯ ಹೇಳುವುದು ಎಂದು ಗೊತ್ತಾಗದೆ ಪೇಪರು ಓದುತ್ತ ಕೂತ. ಮಧ್ಯಾಹ್ನ ನೋಡಿದರೆ ಅವಳು ಹಳೆಯ ಬಟ್ಟೆಯಲ್ಲಿದ್ದಳು.

ಕಾಲು ಮನೆಯ ಕಡೆ ಹೋಗದೆ ಕೆಲಸದ ಕಡೆ ಹೊರಟಿತ್ತು. ಹೋಗಲಿ ಎಂದು ಬಿಟ್ಟ. ಬಿಸಿಲು ಚುರುಗುಟ್ಟುತ್ತಿತ್ತು. ಒಂದು ಕನ್ನಡಕದ ಅಂಗಡಿಯ ಗಾಜಿನಲ್ಲಿ ತನ್ನನ್ನು ನೋಡಿಕೊಂಡ: ಔಷಧಿಗೆ ಉದುರಿಹೋಗಿದ್ದ ಕೂದಲು ಮತ್ತೆ ಮೊಳೆತಿದೆ, ಎಳೆ ಕೂಸಿನದರ ಹಾಗೆ ಮೆತ್ತಗೆ, ಯಾರನ್ನೂ ಕೇಳದೆ. ಕೂದಲಿಗೂ ಗೊತ್ತಿತ್ತು, ತನಗೆ ಮಾತ್ರ ಗೊತ್ತಿರಲಿಲ್ಲ. “ಭಾವ, ಮನಸ್ಸಲ್ಲಿ ಏನಾದ್ರೂ ಆಸೆ ಇದ್ರೆ ಹೇಳ್ಬಿಡಿ, ಸಂಕೋಚ ಬೇಡ” ಎಂದು ಗಡಿಬಿಡಿ ಒಂದು ಭಾನುವಾರ ಕೇಳಿದ್ದ. ಹೆಂಡತಿ ಇದ್ದಳು, ಮಗಳಿದ್ದಳು, ಮಗಳ ಸ್ನೇಹಿತ ಎಂದು ಮನೆಗೆ ಬಂದುಹೋಗುತ್ತಿದ್ದ ಹುಡುಗನೂ ಇದ್ದ. ಎಲ್ಲರೂ ಉಸಿರು ಬಿಗಿಹಿಡಿದು ಅವನ ಬಾಯಿ ನೋಡುತ್ತಿದ್ದರು. ಅವನು ಪ್ರಾಮಾಣಿಕವಾಗಿ ಹುಡುಕಿದ. ನೆನಪಾದದ್ದು ಬಚ್ಚಲಿನ ನಲ್ಲಿ ಒಂದೇ. ಎಷ್ಟೋ ದಿನದಿಂದ ತೊಟ್ಟಿಕ್ಕುತ್ತಿತ್ತು, ರಾತ್ರಿ ಅದರ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ. ಸಾಯುವವನ ಕೊನೆಯ ಆಸೆ ನಲ್ಲಿ ರಿಪೇರಿ ಎಂದರೆ ಕಣ್ಣೀರು ತುಂಬಿಕೊಂಡು ಕೂತವರಿಗೆ ಅವಮಾನವಲ್ಲವೇ? ಏನಾದರೂ ದೊಡ್ಡದು ಬೇಕಿತ್ತು. “ಇವಳ ಮದುವೆ ಒಂದು ನೋಡಿಬಿಟ್ಟಿದ್ರೆ...” ಎಂದ. ಆ ಆಸೆ ಅವನಿಗೆ ಇರಲೇ ಇಲ್ಲ. ಬಾಯಿಗೆ ಬಂದ ಮೇಲೆ ಇತ್ತೇನೋ ಅನ್ನಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ವರ್ಷ ಟೈಮ್ ಕೊಡು, ಆಮೇಲೆ ಹೇಳ್ತೀನಿ ಎಂದು ಹುಡುಗನಿಗೆ ಹೇಳಿದ್ದ ಮಗಳು ಅಪ್ಪನನ್ನು ನೋಡಿದಳು, ಹುಡುಗನನ್ನು ನೋಡಿದಳು, “ಸರಿ” ಎಂದಳು. ಆ ತಿಂಗಳಲ್ಲೇ ಕಚೇರಿಯಲ್ಲಿ ಸಹಿ, ಗಡಿಬಿಡಿಯ ಕುರ್ಚಿಗಳ ಮೇಲೆ ಊಟ, ಕೈಗಡಿಯಾರ, ಕಣ್ಣೀರು.

ಕೆಲಸದ ಕೋಣೆಯ ಬಾಗಿಲು ತಳ್ಳಿದಾಗ ಅದೇ ವಾಸನೆ, ಕರಗಿದ ಮೇಣ, ಒದ್ದೆ ಪ್ಲಾಸ್ಟರು, ಉಜ್ಜಿದ ಹಲ್ಲಿನ ಪುಡಿ. ಕಿಟಕಿಯ ಪಕ್ಕದ ಅವನ ಮೇಜಿನ ಮುಂದೆ ಅವನಿಂದ ಕೆಲಸ ಕಲಿತ ಹುಡುಗಿ ಕೂತಿದ್ದಳು. ದಡಬಡಿಸಿ ಎದ್ದಳು. “ಬನ್ನಿ ಸರ್, ಇಲ್ಲೇ ಕೂತ್ಕೊಳ್ಳಿ, ನಾನು ಸುಮ್ನೆ... ಬೆಳಕು ಚೆನ್ನಾಗಿದೆ ಅಂತ.” “ನೀನೇ ಕೂತ್ಕೊ” ಎಂದ. ಅವಳು ಕೂರಲಿಲ್ಲ, ಅವನೂ ಕೂರಲಿಲ್ಲ, ಇಬ್ಬರ ನಡುವೆ ಸ್ಟೂಲು ಅನಾಥವಾಗಿ ನಿಂತಿತು. ತನ್ನ ಏಪ್ರನ್ ಹುಡುಕಿದ. ಗೂಟದಲ್ಲಿ ಇರಲಿಲ್ಲ. ಮೇಣ ಒರೆಸುವ ಬಟ್ಟೆಯ ಡಬ್ಬದಲ್ಲಿ ಅದರ ನೀಲಿ ಅಂಚು ಕಾಣಿಸಿತು, ಅಂಗೈಯಗಲದ ತುಂಡುಗಳಾಗಿ ಕತ್ತರಿಸಿಟ್ಟಿದ್ದರು. ಅವಳು ಅದನ್ನು ಅವನು ನೋಡಿದ್ದನ್ನು ನೋಡಿದಳು. “ಅದು ಹರಿದುಹೋಗಿತ್ತು ಸರ್” ಎಂದಳು, ಕಿವಿಯವರೆಗೂ ಕೆಂಪಾಗಿ. ಹರಿದಿರಲಿಲ್ಲ. ಅವಳ ಮೇಲೆ ಸಿಟ್ಟು ಬರಬೇಕಿತ್ತು. ಅದರ ಬದಲು ತಾನೇ ಅವಳಿಗೆ ಏನೋ ಮೋಸ ಮಾಡಿದೆ ಅನ್ನಿಸಿ, “ಇರ್ಲಿ ಬಿಡು, ಹಳೇದು” ಎಂದ. ಬದುಕಿ ಬಂದವನು ಹೀಗೆ ಇನ್ನೂ ಎಷ್ಟು ಜನರ ಹತ್ತಿರ ಇರ್ಲಿ ಬಿಡು ಎನ್ನಬೇಕೋ.

ಗೋಡೆಯ ಪಕ್ಕದ ಮೂಲೆಯ ಮೇಜಿನ ಮೇಲೆ ಮಗಳ ಹಲ್ಲಿನ ಅಚ್ಚು ಇತ್ತು. ಹೋದ ವಾರ ಅವಳು ಬಂದಿದ್ದಳು. ಬೆಳಿಗ್ಗೆ ಎದ್ದರೆ ದವಡೆ ನೋಯುತ್ತದೆ, ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳಂತೆ, ಹಲ್ಲು ಸವೆಯದಂತೆ ರಾತ್ರಿ ಹಾಕಿಕೊಳ್ಳುವ ಗಾರ್ಡ್ ಒಂದು ಮಾಡಿಕೊಡಬೇಕಂತೆ. ಹೇಳಿದ್ದು ಅವಳಲ್ಲ, ಜೊತೆಗೆ ಬಂದಿದ್ದ ಅಳಿಯ. ಅವಳಿಗೆ ಸಂಬಂಧಿಸಿದ್ದನ್ನು ಅವನೇ ಹೇಳುವುದು. ಬಹುಮಹಡಿ ಕಟ್ಟಡಗಳ ಲಿಫ್ಟು ನೋಡಿಕೊಳ್ಳುವ ಕೆಲಸ ಅವನದು. ಒಳ್ಳೆಯವನು, ಮೂವತ್ತೆರಡು ಹಲ್ಲೂ ಕಾಣುವಂತೆ ನಗುವವನು, ಹಣ್ಣು ತರದೆ ಮನೆಗೆ ಬಾರದವನು. ಅವನ ಮೇಲೆ ದೂರು ಹೇಳಬೇಕೆಂದು ಯಾರಾದರೂ ಹೊರಟರೆ ದೂರೇ ಸಿಗುವುದಿಲ್ಲ. ಚಹಾ ಕುಡಿತೀಯಾ ಎಂದು ಮಗಳನ್ನು ಕೇಳಿದರೆ, “ಬೇಡ ಮಾವ, ಈ ಹೊತ್ತಲ್ಲಿ ಅವಳಿಗೆ ಆಗಲ್ಲ.” ಈಜುಕೊಳದಲ್ಲಿ ಮಕ್ಕಳು ಹೇಗಿದ್ದಾರೆ ಎಂದರೆ, “ಬಿಟ್ಟುಬಿಡ್ತಾಳೆ ಮಾವ ಮುಂದಿನ ತಿಂಗಳು, ಸದಾ ನೀರಲ್ಲಿದ್ದು ಅವಳಿಗೆ ನೆಗಡಿ.” ಅವಳು ಈಜು ಕಲಿಸುವವಳು. ಕೊಳದ ಈ ದಡದಲ್ಲಿ ನಿಂತು ಕೂಗಿದರೆ ಆ ದಡದ ಮಕ್ಕಳು ಬೆಚ್ಚಿ ಕಾಲು ಬಡಿಯಬೇಕು, ಅಂಥ ಗಂಟಲು. ಈಗ ಪ್ರಶ್ನೆ ಕೇಳಿದಾಗ ಅವಳ ತುಟಿ ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಪಕ್ಕದಿಂದ ಉತ್ತರ ಬಂದ ಮೇಲೆ ಮುಚ್ಚಿಕೊಳ್ಳುತ್ತದೆ.

ಕಪಾಟಿನಿಂದ ಹಳೆಯ ಅಚ್ಚು ತೆಗೆದ. ಎರಡು ವರ್ಷದ ಹಿಂದೆ ಕೊಳದ ಅಂಚಿಗೆ ಬಡಿದು ಅವಳ ಮುಂದಿನ ಹಲ್ಲು ಮುರಿದಾಗ ತೆಗೆದಿಟ್ಟದ್ದು. ಹೊಸದನ್ನೂ ಹಳೆಯದನ್ನೂ ಎರಡು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದ. ಹಳೆಯದರಲ್ಲಿ ಕೋರೆಹಲ್ಲಿನ ತುದಿ ಚೂಪಾಗಿತ್ತು. ಹೊಸದರಲ್ಲಿ ತುದಿಯಿಲ್ಲ, ಯಾರೋ ಅರ ಹಾಕಿ ಉಜ್ಜಿದಂತೆ ಚಪ್ಪಟೆ. ಚಿಕ್ಕಂದಿನಲ್ಲಿ ಪರೀಕ್ಷೆ ಬಂದರೆ ಮಾತ್ರ ಅವಳು ಹಲ್ಲು ಕಡಿಯುತ್ತಿದ್ದಳು, ಅವನು ಹೋಗಿ ದವಡೆಯ ಕೆಳಗೆ ಬೆರಳಿಟ್ಟು ಮೆಲ್ಲಗೆ ಬಿಡಿಸಿ ಬರುತ್ತಿದ್ದ. ಹೋದ ತಿಂಗಳು, ತನ್ನ ಮತ್ತು ಹೆಂಡತಿಯ ಮದುವೆಯ ವಾರ್ಷಿಕೋತ್ಸವವನ್ನು ಅದರ ಸರದಿಗಿಂತ ಮುಂಚೆ ಮಾಡಿದ ಸಂಜೆ, ನೀರು ಕುಡಿಯಲು ಎದ್ದವನಿಗೆ ಅಡುಗೆಮನೆಯಿಂದ ಮಗಳ ದನಿ ಕೇಳಿತ್ತು. “ಅಪ್ಪ ಇರೋವರೆಗೂ ಅಲ್ಲೇ ಇರ್ತೀನಮ್ಮ. ಆಮೇಲೆ ನನ್ನನ್ನ ಏನೂ ಕೇಳ್ಬೇಡ, ಬಂದ್ಬಿಡ್ತೀನಿ.” “ಮೆಲ್ಲಗೆ ಮಾತಾಡೇ” ಎಂದಿದ್ದಳು ಹೆಂಡತಿ. ಖಾಲಿ ಲೋಟ ಹಿಡಿದು ಹಾಗೇ ವಾಪಸು ಬಂದು ಕೂತಿದ್ದ. ಆ ರಾತ್ರಿ ಅವನಿಗೆ ಮೊದಲ ಸಲ ಸಾವು ಒಂದು ಉಪಯೋಗದ ವಸ್ತುವಾಗಿ ಕಂಡಿತು. ಬಾಯಿಬಿಟ್ಟು ಕಟ್ಟಿದ ಗಂಟನ್ನು ಬಾಯಿಮುಚ್ಚಿ ಬಿಚ್ಚಬಹುದು. ನಾನು ಹೋದರೆ ಅವಳು ಬಿಡುಗಡೆ. ತಾನು ಮಾಡಿದ್ದು ತನ್ನ ಜೊತೆಗೇ ಮುಗಿಯುತ್ತದೆ. ಅಲ್ಲಿಂದೀಚೆಗೆ ಕೆಮ್ಮಿದಾಗಲೆಲ್ಲ ಒಂದು ರೀತಿಯ ಸಮಾಧಾನ ಇರುತ್ತಿತ್ತು. ಈಗ ಅದೂ ಇಲ್ಲ. ವರ್ಷಕ್ಕೊಂದು ಸಲ ಬಂದರೆ ಸಾಕಂತೆ! ಎಷ್ಟು ವರ್ಷ? ಅವನ ಅಪ್ಪ ತೊಂಬತ್ತರ ಹತ್ತಿರದವರೆಗೆ ಇದ್ದ.

ಗಾರ್ಡ್ ಮುಗಿಸಲು ಕೂತ. ಕೈಗೆ ಕೆಲಸ ಕೊಟ್ಟರೆ ತಲೆ ಸುಮ್ಮನಿರುತ್ತದೆ ಎಂದುಕೊಂಡಿದ್ದ. ಕೈ ತನ್ನ ಪಾಡಿಗೆ ಉಜ್ಜಿತು, ತಲೆ ತನ್ನ ಪಾಡಿಗೆ ಓಡಿತು. ಹೇಳದೇ ಇದ್ದುಬಿಟ್ಟರೆ? ಸಾಯುತ್ತಿರುವವನಾಗಿಯೇ ಮುಂದುವರಿದರೆ? ಆದರೆ ಸಾಯುತ್ತಿದ್ದೇನೆ ಎಂದು ಎಷ್ಟು ದಿನ ಹೇಳಿಕೊಂಡು ಬದುಕಲಾದೀತು? ಮುಂದಿನ ವರ್ಷ ಈ ಮಕ್ಕಳ ಎರಡನೇ ವರ್ಷ, ಐದನೇ ವರ್ಷ, ಗಡಿಬಿಡಿ ತಡಮಾಡುವವನಲ್ಲ, ಹುಟ್ಟದ ಮೊಮ್ಮಗುವಿಗೂ ಹೆಸರಿಡಿಸಿಯಾನು. ಮಗಳು ಆ ಮನೆಯಲ್ಲಿ ಹಲ್ಲು ಕಡಿಯುತ್ತ, ಅಪ್ಪ ಇರುವವರೆಗೆ, ಅಪ್ಪ ಇರುವವರೆಗೆ ಎನ್ನುತ್ತ. ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಯಂತ್ರ ನಿಲ್ಲಿಸಿ ಗಾರ್ಡನ್ನು ಅಚ್ಚಿನ ಮೇಲೆ ಕೂರಿಸಿದ. ಟಕ್ ಎಂದು ಕೂತಿತು. ಇದನ್ನು ಕೊಟ್ಟರೆ ಅವಳ ಹಲ್ಲು ಉಳಿಯುತ್ತದೆ, ಕಡಿಯುವುದು ನಿಲ್ಲುವುದಿಲ್ಲ. ಹೊರಡುವಾಗ ಹುಡುಗಿ, “ನಾಳೆ ಬರ್ತೀರಾ ಸರ್?” ಎಂದಳು. ಆ ಕೋಣೆಯಲ್ಲಿ ಅವನನ್ನು ಯಾರೂ ಬಹಳ ದಿನದಿಂದ ಕೇಳದ ಪ್ರಶ್ನೆ. “ನೋಡೋಣ” ಎಂದ.

ಮೇಣದಬತ್ತಿ ಕೊಂಡು ಮನೆ ಸೇರುವಷ್ಟರಲ್ಲಿ ಹಾಲಿನಲ್ಲಿ ಗಡಿಬಿಡಿಯ ಪ್ಲಾಸ್ಟಿಕ್ ಕುರ್ಚಿಗಳು ಬಂದಾಗಿತ್ತು, ಐದು ಜನಕ್ಕೆ ಹನ್ನೆರಡು. ಆ ಸೆಕೆಯಲ್ಲೂ ಗಡಿಬಿಡಿ ಭಾವನ ಕೋಟು ಹಾಕಿಕೊಂಡೇ ಇದ್ದ, ಕೃತಜ್ಞತೆಗೆ. “ಬನ್ನಿ ಭಾವ ಬನ್ನಿ, ಇವತ್ತಿನ ಮುಖ್ಯ ಅತಿಥಿ!” ಎಂದು ತೋಳು ಹಿಡಿದು ಕೂರಿಸಿದ. ಹೆಂಡತಿ ಅಡುಗೆಮನೆಯಿಂದ ಇಣುಕಿ, “ಏನಂದ್ರು?” ಎಂದಳು, “ಅದೇ” ಎಂದ, ಅವಳು ತಲೆಯಾಡಿಸಿ ಒಳಗೆ ಹೋದಳು. ಎಷ್ಟು ಬೇಗ ನಂಬುತ್ತಾಳೆ. ಮಗಳು ಕೇಕಿನ ಮುಂದೆ ಕೂತಿದ್ದಳು, ಪಕ್ಕದಲ್ಲಿ ಅಳಿಯ. ಕೇಕಿನ ಮೇಲೆ ಕೆಂಪು ಸಕ್ಕರೆಯಲ್ಲಿ ‘ಒಂದು ವರ್ಷ’ ಎಂದು ಬರೆದಿತ್ತು. “ಹೇಗಿತ್ತಮ್ಮ ಈ ಒಂದು ವರ್ಷ?” ಎಂದ ಗಡಿಬಿಡಿ ಕಣ್ಣು ಮಿಟುಕಿಸಿ. “ಹೋಗಿದ್ದೇ ಗೊತ್ತಾಗಲಿಲ್ಲ ಅಂತಾಳೆ” ಎಂದ ಅಳಿಯ ನಗುತ್ತ. ಎಲ್ಲರೂ ನಕ್ಕರು. ಮಗಳು ತುಟಿ ಬಿಚ್ಚಿದ್ದಳು, ಮುಚ್ಚಿದಳು. ಕೆನ್ನೆಯ ಕೆಳಗೆ ಒಂದು ಸ್ನಾಯು ಎದ್ದು ಮಲಗಿದ್ದನ್ನು ಅವನು ನೋಡಿದ. ಕೂರಲಾಗಲಿಲ್ಲ. ಎದ್ದು ನಿಂತು, ಅಗತ್ಯಕ್ಕಿಂತ ಜೋರಾಗಿ, “ಗಾರ್ಡ್ ಆಗಿದೆ. ಬಾ, ಕೂರಿಸಿ ನೋಡೋಣ” ಎಂದ. “ಈಗಲಾ? ಕೇಕ್ ಕತ್ತರಿಸೋದು ಬೇಡ್ವಾ?” ಎಂದ ಗಡಿಬಿಡಿ. “ತಿಂದ ಮೇಲೆ ಬಾಯಿ ತೊಳೀಬೇಕು. ಈಗಲೇ” ಎಂದು ಅವನು ಬಚ್ಚಲುಮನೆಗೆ ಹೋದ. ಮಗಳು ಹಿಂದೆ ಬಂದಳು. ಅವಳ ಹಿಂದೆ ಅಳಿಯನೂ ಬಂದ, ಜಾಗ ಸಾಲದೆ ಬಾಗಿಲ ಹೊರಗೆ ನಿಂತ. ಅಪ್ಪ ಒಳಗಿನಿಂದ ಬಾಗಿಲು ಮುಂದಕ್ಕೆ ಮಾಡಿದ.

ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು. ಗಾರ್ಡನ್ನು ಅದರ ಕೆಳಗೆ ಹಿಡಿದು ತೊಳೆದು, “ಬಾಯಿ ತೆಗಿ” ಎಂದ. ಮೇಲಿನ ಸಾಲಿಗೆ ಒತ್ತಿ ಕೂರಿಸಿದ. “ಕಚ್ಚು. ಗಟ್ಟಿಯಾಗಿ ಕಚ್ಚಿ ಹಿಡಿ, ನಾನು ಹೇಳೋವರೆಗೂ ಬಿಡ್ಬೇಡ.” ಕಚ್ಚಿದಳು. ಹೊರಗಿನಿಂದ ಅಳಿಯ, “ಸರಿಯಾಗಿ ಕೂತಿದೆ ಅಲ್ವಾ ಮಾವ? ಅವಳಿಗೆ ಸ್ವಲ್ಪ ಬಿಗಿ ಅನ್ನಿಸ್ತಿರಬೇಕು” ಎಂದ. ಕನ್ನಡಿಯಲ್ಲಿ ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು. “ಅವತ್ತು ಅಡುಗೆಮನೇಲಿ ಅಮ್ಮನಿಗೆ ನೀನು ಹೇಳಿದ್ದು ನನಗೆ ಕೇಳಿಸ್ತು” ಎಂದ ಮೆಲ್ಲಗೆ. ಅವಳ ಕಣ್ಣು ದೊಡ್ಡದಾಯಿತು. “ಅಪ್ಪ ಇರೋವರೆಗೂ ಅಂದ್ಯಲ್ಲ. ಸುಮ್ನಿರು, ಬಿಡ್ಬೇಡ, ಕಚ್ಚಿ ಹಿಡಿ. ಇವತ್ತು ಡಾಕ್ಟ್ರು ಗಂಟು ಇಲ್ಲ ಅಂದ್ರು. ಕರಗಿದೆಯಂತೆ. ವರ್ಷಕ್ಕೊಂದು ಸಲ ಬಾ ಅಂದ್ರು. ನಾನು ಇರ್ತೀನಿ ಪುಟ್ಟಿ, ತುಂಬಾ ದಿನ ಇರ್ತೀನಿ. ನನ್ನನ್ನ ಕಾಯ್ಕೊಂಡು ಕೂರ್ಬೇಡ. ಆ ಮದುವೆ ನೋಡೋ ಆಸೆ, ಅದು ನನಗೆ ಇರಲೇ ಇಲ್ಲ. ಕೇಳಿದ್ರಲ್ಲ ಅಂತ ಹೇಳ್ದೆ.” ಗಾರ್ಡ್ ಹಿಡಿದ ಬಾಯಿಯಿಂದ ಅವಳು ಏನೋ ಅಂದಳು, ಅದು ಮಾತಾಗಲಿಲ್ಲ. ಗಾರ್ಡನ್ನು ಅಂಗೈಗೆ ಉಗಿದುಕೊಂಡು, ಮುಷ್ಟಿ ಕಟ್ಟಿ, ಗಂಟು ಇದ್ದ ಜಾಗಕ್ಕೇ ಅವನ ಎದೆಗೆ ಒಂದು ಗುದ್ದು ಗುದ್ದಿದಳು. ಚೆನ್ನಾಗಿಯೇ ನೋವಾಯಿತು. ಆಮೇಲೆ ಅಲ್ಲೇ ಹಣೆಯಿಟ್ಟಳು. “ಬೆಳಿಗ್ಗೆಯಿಂದ ಗೊತ್ತಿತ್ತಾ? ಗೊತ್ತಿದ್ದೂ ಮೇಣದಬತ್ತಿ ಬೇರೆ ತಂದಿದೀಯ!” ಅಳುವೋ ನಗುವೋ, ಭುಜ ಅಲುಗುತ್ತಿತ್ತು. “ನೀನು ಸಾಯ್ಲಿ ಅಂತ ನಾನು ಹೇಳಿದ್ದಲ್ಲಪ್ಪ.” “ಗೊತ್ತು.” ನಲ್ಲಿಯ ಹನಿ ಬಿತ್ತು. “ಒಂದೊಂದು ಸಲ ಹಾಗೂ ಅನ್ನಿಸ್ತಿತ್ತು” ಎಂದಳು, ಅವನ ಅಂಗಿಯೊಳಕ್ಕೆ. ಅದು ಅವನಿಗೆ ಗೊತ್ತಿರಲಿಲ್ಲ. ಗುದ್ದಿಗಿಂತ ಒಳಗೆ ಹೋಯಿತು. “ಅದೂ ಗೊತ್ತು” ಎಂದ.

ಹೊರಗೆ ಬಂದಾಗ ಮೇಣದಬತ್ತಿ ಹಚ್ಚಿಯಾಗಿತ್ತು. “ಯಾಕೆ ಅತ್ತಿದೀಯಾ? ಅಪ್ಪನ ವಿಷಯ ಅಲ್ವಾ?” ಎಂದು ಅಳಿಯ ಅವಳ ಬೆನ್ನಿನ ಮೇಲೆ ಕೈಯಿಟ್ಟು, ಉಳಿದವರ ಕಡೆ ತಿರುಗಿ, “ತುಂಬಾ ಹಚ್ಕೊಂಡಿದಾಳೆ ಪಾಪ” ಎಂದ. ಮಗಳು ಕೂರಲಿಲ್ಲ. “ನಾನು ಇವತ್ತಿಂದ ಇಲ್ಲೇ ಇರ್ತೀನಿ” ಎಂದಳು. ಗಡಿಬಿಡಿ ಚಾಕು ಹಿಡಿದು ಹಾಗೇ ನಿಂತ. ಅಳಿಯ ತಕ್ಷಣ, ಒಳ್ಳೆಯತನ ತುಂಬಿದ ದನಿಯಲ್ಲಿ, “ಇರ್ಲಿ ಮಾವ, ನಾನೇ ಹೇಳೋಣ ಅಂತಿದ್ದೆ. ನಿಮ್ಮ ಜೊತೆ ಕೊನೆಗಾಲದಲ್ಲಿ ಇರ್ಬೇಕು ಅಂತ ಅವಳಿಗೆ...” ಎಂದ. “ನಾನು ಹೇಳ್ತೀನಿ” ಎಂದಳು ಮಗಳು. ಕೊಳದ ಆ ದಡಕ್ಕೆ ಕೇಳುವ ದನಿ. ಮೇಜಿನ ಮೇಲಿನ ಲೋಟಗಳು ಕೂಡ ಎಚ್ಚರವಾದಂತಿತ್ತು. “ಅಪ್ಪನಿಗೋಸ್ಕರ ಅಲ್ಲ. ಅಪ್ಪನಿಗೆ ಏನೂ ಇಲ್ಲ, ಗಂಟು ಹೋಗಿದೆ, ಇವತ್ತು ಹೇಳಿದಾರೆ. ಅಪ್ಪ ಬದುಕ್ತಾನೆ. ನನಗೋಸ್ಕರ ಇರ್ತೀನಿ.”

ಬೆಳಿಗ್ಗೆಯಿಂದ ಅವನು ಹೆದರುತ್ತ ಬಂದಿದ್ದ ಮುಖ ಹೆಂಡತಿಯದು. ಈಗ ಅದನ್ನು ನೋಡಲೇಬೇಕಾಯಿತು. ಅವಳು ಅಡುಗೆಮನೆಯ ಬಾಗಿಲಲ್ಲಿ, ಕೈಯಲ್ಲಿ ಜೋಡಿಸಿದ ತಟ್ಟೆಗಳನ್ನು ಹಿಡಿದು ನಿಂತಿದ್ದಳು. ಮುಖದಲ್ಲಿ ಮೊದಲು ಏನೂ ಇರಲಿಲ್ಲ. ಆಮೇಲೆ ಅವಳು ತಟ್ಟೆಗಳನ್ನು ಕೆಳಗಿಟ್ಟು, ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಧೊಪ್ಪನೆ ಕೂತು, “ಮಧ್ಯಾಹ್ನ ಊಟ ಮಾಡಿದ್ರಾ?” ಎಂದಳು. ಅವನು ಇಲ್ಲವೆಂದು ತಲೆಯಾಡಿಸಿದ. “ಫೋನಲ್ಲಿ ಹೇಳೋಕೆ ಏನಾಗಿತ್ತು ನಿಮಗೆ? ಸುಳ್ಳ!” ಎಂದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಳಿಸಿ ಅತ್ತಳು. ಗಂಟು ಸಿಕ್ಕಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ತಾನು ಬದುಕುವುದು ಅವಳಿಗೆ ಬೇಡವೇನೋ ಎಂದು ದಿನವಿಡೀ ಸಂಶಯಪಟ್ಟದ್ದು ನೆನೆದು ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗಡಿಬಿಡಿ ಚಾಕು ಇಟ್ಟು, ಏನು ಮಾಡಬೇಕೆಂದು ತೋಚದೆ, ಕೋಟಿನ ಗುಂಡಿ ಬಿಚ್ಚತೊಡಗಿದ. “ಇರ್ಲಿ ಬಿಡೋ” ಎಂದ ಅವನು.

ಅಳಿಯ ಮಾತ್ರ ನಿಂತಲ್ಲೇ ಇದ್ದ. ಮಗಳು ಅವನನ್ನೇ ನೋಡುತ್ತಿದ್ದಳು, ಅವನು ಏನಾದರೂ ಅನ್ನಲಿ ಎಂದು, ಅವಳ ಪರವಾಗಿ ಅಲ್ಲ, ಅವನದೇ ಏನಾದರೂ. ಅವನ ಬಾಯಿ ಮುಚ್ಚಿತ್ತು. ಇಷ್ಟು ತಿಂಗಳಲ್ಲಿ ಆ ಹಲ್ಲುಗಳನ್ನು ಬಿಟ್ಟು ಆ ಮುಖದಲ್ಲಿ ಬೇರೇನನ್ನೂ ತಾನು ನೋಡಿರಲಿಲ್ಲ ಎಂಬುದು ಹಲ್ಲಿನವನಿಗೆ ಆಗ ಹೊಳೆಯಿತು. ಮುಚ್ಚಿದ ಬಾಯಿಯ ಮುಖ ಬಹಳ ಚಿಕ್ಕ ವಯಸ್ಸಿನದು, ದಣಿದದ್ದು. ಕೊನೆಯ ಆಸೆ ಕೇಳಿದ ಆ ಭಾನುವಾರ ಇವನೂ ಎಲ್ಲರ ಜೊತೆ ಕೂತಿದ್ದ, ಸರಿ ಎಂದು ಅವಳು ಅಂದ ಮೇಲೆ ನಿನಗೂ ಸರಿಯೇನಪ್ಪ ಎಂದು ಯಾರೂ ಇವನನ್ನು ಕೇಳಿರಲಿಲ್ಲ. ಸಾಯುವವನ ಮುಂದೆ ನಗುತ್ತಿರಬೇಕು ಎಂದು ಯಾರೋ ಹೇಳಿರಬೇಕು, ನಕ್ಕಿದ್ದ. ಅಳಿಯ ಎಡಗೈಯ ಪಟ್ಟಿ ಬಿಚ್ಚಿದ. ಗಡಿಯಾರವನ್ನು ಒಮ್ಮೆ ಅಂಗಿಯ ತುದಿಯಿಂದ ಒರೆಸಿ, ಕೇಕಿನ ಪಕ್ಕದಲ್ಲಿ ಇಟ್ಟ.

“ಇದು ಇನ್ನು ನಿಮಗೇ ಬೇಕಾಗತ್ತೆ ಮಾವ” ಎಂದ.

ಅದನ್ನು ತೆಗೆದುಕೊಳ್ಳಲು ಮಾವನಿಗೆ ಕೈ ಬರಲಿಲ್ಲ.